ಚೌಕಟ್ಟಿನ ಆಚೆ ಏನಿತ್ತು?

ನಾಗರಹಾವಿನ ಛಾಯಾಚಿತ್ರವೊಂದನ್ನು ನೆನಪಿಸಿಕೊಳ್ಳಿ. ಅದು ಪಠ್ಯಪುಸ್ತಕದ್ದಿರಲಿ, ಗೋಡೆಯ ಕ್ಯಾಲೆಂಡರಿನದ್ದಿರಲಿ, ಛಾಯಾಚಿತ್ರ ಪ್ರದರ್ಶನದಲ್ಲಿ ಬಹುಮಾನ ಪಡೆದದ್ದಿರಲಿ, ಹಾವು ಹೆಡೆ ಬಿಚ್ಚಿಯೇ ಇರುತ್ತದೆ. ಹೆಡೆ ಮಡಚಿಕೊಂಡು ಗದ್ದೆಯ ಬದುವಿನ ಮೇಲೆ ಸುಮ್ಮನೆ ಸರಿದುಹೋಗುತ್ತಿರುವ ನಾಗರದ ಚಿತ್ರವನ್ನು ನೀವು ಎಷ್ಟು ಸಲ ನೋಡಿದ್ದೀರಿ? ಇಲಿಯನ್ನು ಅರಸುವಾಗ, ಬಿಸಿಲು ಕಾಯುವಾಗ, ಬಿಲ ಸೇರುವಾಗ ನಾಗರಹಾವು ಹೆಡೆ ಎತ್ತಿಕೊಂಡಿರುವುದಿಲ್ಲ. ಕುತ್ತಿಗೆಯ ಪಕ್ಕೆಲುಬುಗಳನ್ನು ಅಗಲಿಸಿ ಅದು ಹೆಡೆ ಬಿಚ್ಚುವುದು ಅಪಾಯ ಎದುರಾದಾಗ. ಆ ಅಪಾಯ ಚಿತ್ರದಲ್ಲಿ ಕಾಣುವುದಿಲ್ಲ. ಅದು ಕ್ಯಾಮೆರಾ ಹಿಡಿದು ಹಾವಿನ ಎದುರಿಗೇ ಮಂಡಿಯೂರಿ ಕುಳಿತಿರುತ್ತದೆ.

ಹಾಗಾಗಿ ಆ ಚಿತ್ರವನ್ನು ನಾಗರಹಾವಿನ ಬದುಕಿನ ದಾಖಲೆ ಎನ್ನುವುದಕ್ಕಿಂತ, ಮನುಷ್ಯ ತೀರ ಹತ್ತಿರ ಬಂದಾಗ ಹಾವು ಏನು ಮಾಡುತ್ತದೆ ಎಂಬುದರ ದಾಖಲೆ ಎನ್ನುವುದು ಸರಿ. ಕಿವಿ ಅಗಲಿಸಿ ಮುನ್ನುಗ್ಗುವ ಆನೆ, ನೆತ್ತಿಯ ಮೇಲೆ ಸುತ್ತುತ್ತ ಕಿರುಚುವ ಟಿಟ್ಟಿಭ, ಹಗಲಿನಲ್ಲಿ ಕಣ್ಣರಳಿಸಿ ನಮ್ಮನ್ನೇ ನೋಡುವ ಗೂಬೆ, ಇವುಗಳ ಎಷ್ಟೋ ಚಿತ್ರಗಳ ಬಗ್ಗೆಯೂ ಇದೇ ಮಾತು ಹೇಳಬಹುದು. ಕ್ಯಾಮೆರಾ ಸುಳ್ಳು ಹೇಳುತ್ತಿಲ್ಲ. ಅದು ಹೇಳುತ್ತಿರುವುದು ಯಾರ ಕಥೆ ಎಂಬುದನ್ನು ಮಾತ್ರ ನಾವು ತಪ್ಪಾಗಿ ಓದುತ್ತಿದ್ದೇವೆ.

ಡಿಜಿಟಲ್ ಕ್ಯಾಮೆರಾ ಅಗ್ಗವಾದ ಮೇಲೆ ನಮ್ಮಲ್ಲಿ ಹವ್ಯಾಸಿ ವನ್ಯಜೀವಿ ಛಾಯಾಗ್ರಾಹಕರ ಸಂಖ್ಯೆ ಬಹಳ ಬೆಳೆದಿದೆ. ಇದು ಸಂತೋಷದ ಸಂಗತಿಯೇ. ವಾರಕ್ಕೊಮ್ಮೆ ಕೆರೆಯ ದಂಡೆಗೆ ಹೋಗಿ ಹಕ್ಕಿಗಳ ಹೆಸರು ಕಲಿಯುವ ಅಧ್ಯಾಪಕರು, ಬ್ಯಾಂಕ್ ನೌಕರರು, ವಿದ್ಯಾರ್ಥಿಗಳು ಪ್ರತಿ ಊರಿನಲ್ಲೂ ಇದ್ದಾರೆ. ಆದರೆ ಇವರ ಚಿತ್ರಗಳಿಗೆ ದೊರೆಯುವ ವಿಮರ್ಶೆ ಎಂಥದು? ಕಣ್ಣು ಚುರುಕಾಗಿ ಮೂಡಿದೆಯೇ, ಹಿನ್ನೆಲೆ ನಯವಾಗಿದೆಯೇ, ವಸ್ತು ಚೌಕಟ್ಟಿನ ಮೂರನೆಯ ಒಂದು ಭಾಗದಲ್ಲಿ ಕುಳಿತಿದೆಯೇ, ಬೆಳಕು ಚಿನ್ನದ ಬಣ್ಣದ್ದೇ? ತೀರ್ಪುಗಾರರ ಮಾತು ಬಹುಪಾಲು ಇಲ್ಲಿಗೆ ಮುಗಿಯುತ್ತದೆ. ಮದುವೆಯ ಭಾವಚಿತ್ರಕ್ಕೆ ಸಾಕಾಗುವ ಈ ಅಳತೆಗೋಲು ನಿಸರ್ಗದ ಚಿತ್ರಕ್ಕೆ ಸಾಲದು.

ನಿಯಮಗಳಿಲ್ಲ ಎಂದಲ್ಲ. ಅಮೆರಿಕದ ಫೋಟೊಗ್ರಾಫಿಕ್ ಸೊಸೈಟಿ, ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಮತ್ತು ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್ 2014ರಲ್ಲಿ ನಿಸರ್ಗ ಛಾಯಾಚಿತ್ರಕ್ಕೆ ಸಮಾನ ವ್ಯಾಖ್ಯೆಯೊಂದನ್ನು ಒಪ್ಪಿಕೊಂಡವು. ಚಿತ್ರದ ಅಂದಕ್ಕಿಂತ ಅದು ಹೇಳುವ ನಿಸರ್ಗದ ಸಂಗತಿಗೆ ಹೆಚ್ಚಿನ ತೂಕ ಕೊಡಬೇಕೆಂಬುದು ಅದರ ಸಾರ. ಕಾಗದದ ಮೇಲೆ ಇದು ಸೊಗಸಾಗಿದೆ. ಆದರೆ ಸಂಗತಿಗೆ ತೂಕ ಕೊಡಬೇಕಾದರೆ ತೀರ್ಪುಗಾರರಿಗೆ ಪ್ರಾಣಿಯ ವರ್ತನೆ ಗೊತ್ತಿರಬೇಕು. ಎರಡು ಕೇರೆಹಾವುಗಳು ಹುರಿಯಂತೆ ಹೆಣೆದುಕೊಂಡು ಮೇಲೆದ್ದಿರುವ ಚಿತ್ರಕ್ಕೆ ‘ಸರ್ಪ ಮಿಲನ’ ಎಂಬ ಶೀರ್ಷಿಕೆ ಇಂದಿಗೂ ನಡೆದುಬಿಡುತ್ತದೆ. ಅದು ಸಾಮಾನ್ಯವಾಗಿ ಎರಡು ಗಂಡುಗಳ ಬಲಾಬಲ ಪರೀಕ್ಷೆ. ಮರಿಗೆ ಗುಟುಕು ಕೊಡುವ ಪಿಕಳಾರದ ಚಿತ್ರಕ್ಕೆ ‘ಮಾತೃ ವಾತ್ಸಲ್ಯ’ ಎಂದು ಹೆಸರಿಡುತ್ತಾರೆ. ಪಿಕಳಾರದಲ್ಲಿ ಗಂಡೂ ಗುಟುಕು ಕೊಡುತ್ತದೆ, ನೋಡಿದ ಮಾತ್ರಕ್ಕೆ ಗಂಡು ಹೆಣ್ಣಿನ ವ್ಯತ್ಯಾಸವೂ ತಿಳಿಯುವುದಿಲ್ಲ.

ಸುಂದರ ಚಿತ್ರ, ಉಪಯುಕ್ತ ಚಿತ್ರ

ವಿಜ್ಞಾನಕ್ಕೆ ಬೇಕಾದ ಚಿತ್ರವೂ ಬಹುಮಾನಕ್ಕೆ ಬೇಕಾದ ಚಿತ್ರವೂ ಎಷ್ಟು ಬೇರೆ ಎನ್ನುವುದಕ್ಕೆ ಹುಲಿಗಿಂತ ಒಳ್ಳೆಯ ಉದಾಹರಣೆ ಸಿಗದು. ನಾಗರಹೊಳೆಯಲ್ಲಿ ಕೆ. ಉಲ್ಲಾಸ ಕಾರಂತರು 1990ರ ದಶಕದ ಮೊದಲಲ್ಲಿ ಕ್ಯಾಮೆರಾ ಬಲೆಗಳನ್ನು ಬಳಸಿ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು ರೂಪಿಸಿದರು. ಆ ಕುರಿತ ಅವರ ಪ್ರಬಂಧ 1995ರಲ್ಲಿ ಪ್ರಕಟವಾಯಿತು. ಪ್ರತಿ ಹುಲಿಯ ಪಟ್ಟೆಗಳ ವಿನ್ಯಾಸ ನಮ್ಮ ಬೆರಳಚ್ಚಿನಂತೆ ವಿಶಿಷ್ಟ. ಅಷ್ಟೇ ಅಲ್ಲ, ಒಂದೇ ಹುಲಿಯ ಎಡ ಮಗ್ಗುಲಿನ ಪಟ್ಟೆಗಳು ಬಲ ಮಗ್ಗುಲಿನಂತಿರುವುದಿಲ್ಲ. ಆದ್ದರಿಂದಲೇ ಕಾಡಿನ ದಾರಿಯ ಎರಡೂ ಬದಿಗೆ ಎದುರುಬದುರಾಗಿ ಎರಡು ಕ್ಯಾಮೆರಾ ಕಟ್ಟುತ್ತಾರೆ. ಆ ಚಿತ್ರಗಳಲ್ಲಿ ಕಲೆಯೇನೂ ಇರುವುದಿಲ್ಲ. ಫ್ಲಾಶ್ ಬೆಳಕಿಗೆ ಬೆಳ್ಳಗಾದ ಹುಲ್ಲು, ಕೆಲವೊಮ್ಮೆ ತಲೆಯೋ ಬಾಲವೋ ಕತ್ತರಿಸಿಹೋದ ಹುಲಿ. ಆದರೆ ಮಗ್ಗುಲು ಸ್ಪಷ್ಟವಾಗಿರುತ್ತದೆ. ಸಫಾರಿ ಜೀಪಿನಿಂದ ತೆಗೆದ ಹುಲಿಯ ನೇರ ಮುಖದ ಚಿತ್ರ ಮನೆಯ ಗೋಡೆಗೆ ಚೆಂದ. ಪಟ್ಟೆ ಹೋಲಿಸಿ ಹುಲಿ ಯಾವುದೆಂದು ಗುರುತಿಸಲು ಅದು ಅಷ್ಟಾಗಿ ಒದಗುವುದಿಲ್ಲ.

ಚಿಟ್ಟೆಗಳ ವಿಷಯದಲ್ಲೂ ಹೀಗೆಯೇ. ನೀಲಿ ಚಿಟ್ಟೆಗಳ ಕುಟುಂಬದ ಹಲವು ಪ್ರಭೇದಗಳನ್ನು ಬೇರ್ಪಡಿಸುವುದು ರೆಕ್ಕೆಯ ಕೆಳಮೈಯ ಚುಕ್ಕೆ, ಗೆರೆಗಳಿಂದ. ಹವ್ಯಾಸಿಗೆ ಪ್ರಿಯವಾದದ್ದು ರೆಕ್ಕೆ ಬಿಚ್ಚಿ ಕುಳಿತ ಮೇಲ್ಮೈ. ಎರಡನ್ನೂ ತೆಗೆದು, ದಿನಾಂಕ ಮತ್ತು ಸ್ಥಳ ಬರೆದು ಕೊಟ್ಟರೆ ಅದು ದಾಖಲೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಶೋಧಕರು ನಡೆಸುತ್ತಿರುವ ಭಾರತದ ಚಿಟ್ಟೆಗಳ ಜಾಲತಾಣ ನಿಂತಿರುವುದು ಹೀಗೆ ಹವ್ಯಾಸಿಗಳು ಕಳಿಸಿ ತಜ್ಞರು ಪರಿಶೀಲಿಸಿದ ಚಿತ್ರಗಳ ಮೇಲೆ.

ಛಾಯಾಚಿತ್ರದ ಸಾಕ್ಷ್ಯ ಎಷ್ಟು ದೂರ ಹೋಗಬಲ್ಲದು? ಹೊಸ ಪ್ರಭೇದವನ್ನು ಹೆಸರಿಸುವಾಗ ಒಂದು ಪ್ರಾಣಿಯನ್ನು ಕೊಂದು, ಮಾದರಿಯಾಗಿ ಸಂಗ್ರಹಾಲಯದಲ್ಲಿಡುವುದು ಹಳೆಯ ಪದ್ಧತಿ. 2005ರಲ್ಲಿ ಅರುಣಾಚಲ ಪ್ರದೇಶದ ಮಂಗವೊಂದನ್ನು ಮಕಾಕಾ ಮುಂಜಾಲ ಎಂದು ಹೆಸರಿಸಿದಾಗ, ಮೈಸೂರು ಮತ್ತು ಬೆಂಗಳೂರಿನ ಸಂಸ್ಥೆಗಳ ಸಂಶೋಧಕರಿದ್ದ ತಂಡ ಗಂಡು ಮಂಗದ ಛಾಯಾಚಿತ್ರಗಳನ್ನೇ ಆಧಾರ ಮಾದರಿಯಾಗಿ ಮುಂದಿಟ್ಟಿತು. ಮರುವರ್ಷ ಅದೇ ರಾಜ್ಯದ ಈಗಲ್‌ನೆಸ್ಟ್ ಅಭಯಾರಣ್ಯದಿಂದ ಬುಗುನ್ ಲಿಯೋಸಿಕ್ಲಾ ಎಂಬ ಹಕ್ಕಿ ವಿಜ್ಞಾನಕ್ಕೆ ಪರಿಚಯವಾಯಿತು. ಕಂಡಿದ್ದ ಹಕ್ಕಿಗಳೇ ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದನ್ನು ಕೊಲ್ಲುವುದು ಸರಿಯಲ್ಲ ಎಂದು ರಮಣ ಆತ್ರೇಯ ಅವರು ಗರಿಗಳು, ಧ್ವನಿಮುದ್ರಣ, ಅಳತೆ ಮತ್ತು ಛಾಯಾಚಿತ್ರಗಳ ಬಲದಿಂದಲೇ ಅದನ್ನು ವರ್ಣಿಸಿದರು. ಅವರು ವೃತ್ತಿಯಿಂದ ಖಗೋಳ ವಿಜ್ಞಾನಿ. ಹಕ್ಕಿಗಳ ಮಟ್ಟಿಗೆ ಹವ್ಯಾಸಿ! ಒಂದು ಜೀವವನ್ನು ಉಳಿಸಿ ಅದರ ಜಾಗದಲ್ಲಿ ನಿಲ್ಲುವ ಯೋಗ್ಯತೆ ಛಾಯಾಚಿತ್ರಕ್ಕೆ ಇದೆ ಎಂದಾದರೆ, ಅದರ ನಂಬಿಕೆಗೆ ಧಕ್ಕೆ ತರುವುದು ಸಣ್ಣ ವಿಷಯವಲ್ಲ.

ದೂರವನ್ನು ಲೆಕ್ಕ ಹಾಕಿ

ಚಿತ್ರವನ್ನು ಪ್ರಶ್ನಿಸಲು ನಿಮ್ಮ ಬಳಿ ಒಂದು ಸಾಧನ ಆಗಲೇ ಇದೆ. ಪ್ರೌಢಶಾಲೆಯ ಬೆಳಕಿನ ಪಾಠದಲ್ಲಿ ಬರುವ ವರ್ಧನೆ ಅದು. ವಸ್ತು ಮಸೂರದ ಸಂಗಮದೂರಕ್ಕಿಂತ ಬಹಳ ದೂರದಲ್ಲಿದ್ದಾಗ, ಬಿಂಬದ ಅಳತೆಗೂ ವಸ್ತುವಿನ ಅಳತೆಗೂ ಇರುವ ಅನುಪಾತ, ಸಂಗಮದೂರಕ್ಕೂ ವಸ್ತುದೂರಕ್ಕೂ ಇರುವ ಅನುಪಾತಕ್ಕೆ ಹೆಚ್ಚುಕಡಿಮೆ ಸಮ.

ಸಣ್ಣ ನೀಲಿ ಮಿಂಚುಳ್ಳಿಯ ಚಿತ್ರವನ್ನು ತೆಗೆದುಕೊಳ್ಳಿ. ಕೊಕ್ಕಿನಿಂದ ಬಾಲದ ತುದಿಗೆ ಅದರ ಉದ್ದ ಸುಮಾರು 17 ಸೆಂ.ಮೀ., ಅಂದರೆ 170 ಮಿ.ಮೀ. ಕ್ಯಾಮೆರಾದ ಸಂವೇದಕದ ಅಗಲ 36 ಮಿ.ಮೀ., ಮಸೂರ 400 ಮಿ.ಮೀ. ಸಂಗಮದೂರದ್ದು ಎಂದಿರಲಿ. ಚಿತ್ರದಲ್ಲಿ ಹಕ್ಕಿ ಅಗಲದ ಮೂರನೆಯ ಒಂದು ಭಾಗವನ್ನು ತುಂಬಿದ್ದರೆ ಅದರ ಬಿಂಬ 12 ಮಿ.ಮೀ. ಹಾಗಾದರೆ ದೂರ 400 × 170 ÷ 12, ಅಂದರೆ ಸುಮಾರು 5.7 ಮೀಟರ್. ಒಂದು ತರಗತಿ ಕೋಣೆಯ ಉದ್ದಕ್ಕಿಂತ ಕಡಿಮೆ! ಚಿತ್ರದ ಅಂಚುಗಳನ್ನು ಕತ್ತರಿಸಿ ಅಗಲವನ್ನು ಅರ್ಧಕ್ಕೆ ಇಳಿಸಿದ್ದರೆ ನಿಜವಾದ ದೂರ ಇದರ ಎರಡರಷ್ಟು, ಸುಮಾರು 11 ಮೀಟರ್. ಸಂವೇದಕ ಚಿಕ್ಕದಾಗಿ, 24 ಮಿ.ಮೀ. ಅಗಲದ್ದಾಗಿದ್ದರೆ 8.5 ಮೀಟರ್.

ಈಗ ಹಕ್ಕಿಯ ಸ್ವಭಾವವನ್ನು ಇದರ ಪಕ್ಕದಲ್ಲಿಡಿ. ಪ್ರತಿ ಪ್ರಾಣಿಯೂ ಮನುಷ್ಯನನ್ನು ಇಷ್ಟರವರೆಗೆ ಎಂದು ಸಹಿಸುತ್ತದೆ. ಅದಕ್ಕಿಂತ ಹತ್ತಿರ ಬಂದರೆ ಹಾರುತ್ತದೆ, ಇಲ್ಲವೇ ಓಡುತ್ತದೆ. ಬಯಲಿನಲ್ಲಿ ನಡೆದು ಬರುವ ಮನುಷ್ಯನನ್ನು ಮಿಂಚುಳ್ಳಿ ಆರು ಮೀಟರಿನವರೆಗೆ ಬಿಟ್ಟುಕೊಳ್ಳುವುದು ಅಪರೂಪ. ಹಾಗಿದ್ದರೆ ಛಾಯಾಗ್ರಾಹಕ ಮರೆಯೊಂದನ್ನು ಕಟ್ಟಿ ಗಂಟೆಗಟ್ಟಲೆ ಕಾದಿರಬೇಕು, ಅಥವಾ ವಾಹನದೊಳಗೆ ಕುಳಿತಿರಬೇಕು, ಅಥವಾ ದಂಡೆಯ ಮಣ್ಣಿನಲ್ಲಿ ಮಿಂಚುಳ್ಳಿಯ ಗೂಡಿನ ಬಿಲವಿದ್ದು, ಒಳಗಿರುವ ಮರಿಗಳ ಹಸಿವಿಗಾಗಿ ಹಕ್ಕಿ ಭಯವನ್ನು ನುಂಗಿಕೊಂಡು ಮತ್ತೆ ಮತ್ತೆ ಅಲ್ಲಿಗೇ ಬರುತ್ತಿರಬೇಕು. ಮೊದಲಿನ ಎರಡಕ್ಕೆ ಶಹಬಾಸ್ ಎನ್ನೋಣ. ಮೂರನೆಯದು ಬೇರೆ ಮಾತು. ಚಿತ್ರ ಮೂರರಲ್ಲೂ ಒಂದೇ ರೀತಿ ಕಾಣುತ್ತದೆ; ಆದ್ದರಿಂದ ಕೇಳದೆ ಗತ್ಯಂತರವಿಲ್ಲ.

ಗೂಡಿನ ಮುಂದೆ

ಗೂಡಿನ ಛಾಯಾಗ್ರಹಣಕ್ಕೆ ಒಂದು ಗೌರವದ ಇತಿಹಾಸವೂ ಇದೆ, ಅದನ್ನು ಮರೆಯುವಂತಿಲ್ಲ. ಸಲೀಂ ಅಲಿಯವರ ಗೆಳೆಯ ಲೋಕೆ ವಾನ್ ಥೋ ಅವರಿಂದ ಹಿಡಿದು ನಮ್ಮವರೇ ಆದ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ತಲೆಮಾರಿನವರೆಗೆ, ಹಕ್ಕಿಗಳ ಒಳ್ಳೆಯ ಚಿತ್ರ ಬೇಕಾದರೆ ಗೂಡಿನ ಬಳಿ ಮರೆ ಕಟ್ಟಿ ಕುಳಿತುಕೊಳ್ಳುವುದು ಬಹುಮಟ್ಟಿಗೆ ಅನಿವಾರ್ಯವಾಗಿತ್ತು. ಕಾರಣ ರಸಾಯನಶಾಸ್ತ್ರದಲ್ಲಿದೆ. ಆ ಕಾಲದ ಒಳ್ಳೆಯ ವರ್ಣ ಫಿಲಂನ ವೇಗ ಐಎಸ್ಒ 64ರ ಆಸುಪಾಸಿನದು. ಮರದ ನೆರಳಿನಲ್ಲಿ ಅದಕ್ಕೆ ಸೆಕೆಂಡಿನ 15ನೆಯ ಒಂದು ಭಾಗದಷ್ಟು ಬೆಳಕು ಬೇಕಾದರೆ, ಅಷ್ಟರಲ್ಲಿ ಹಕ್ಕಿ ತಲೆ ಹೊರಳಿಸಿಬಿಟ್ಟಿರುತ್ತದೆ. ಹಕ್ಕಿ ಎಲ್ಲಿ ಕುಳಿತೀತು ಎಂಬುದು ಮೊದಲೇ ಗೊತ್ತಿರಬೇಕು, ಅಲ್ಲಿಗೆ ಫ್ಲಾಶ್ ಬೆಳಕನ್ನು ಹೊಂದಿಸಬೇಕು. ಗೂಡನ್ನು ಬಿಟ್ಟರೆ ಅಂಥ ಜಾಗಗಳು ಬಹಳ ಇಲ್ಲ. ಆ ಹಿರಿಯರಲ್ಲಿ ಬಲ್ಲವರು ಮರೆಯನ್ನು ದಿನಕ್ಕಷ್ಟು ಮುಂದಕ್ಕೆ ಸರಿಸಿ, ಹಕ್ಕಿ ಒಪ್ಪಿಕೊಂಡ ಮೇಲೆ ಒಳಗೆ ಕೂರುತ್ತಿದ್ದರು.

2007ರಲ್ಲಿ ಬಂದ ನಿಕಾನ್ ಡಿ3 ಕ್ಯಾಮೆರಾದ ಸಾಮಾನ್ಯ ವ್ಯಾಪ್ತಿಯೇ ಐಎಸ್ಒ 6400ರವರೆಗೆ ಇತ್ತು. 64ಕ್ಕೆ ಹೋಲಿಸಿದರೆ ನೂರು ಪಟ್ಟು. ಅದೇ ನೆರಳಿನಲ್ಲಿ ಈಗ ಸೆಕೆಂಡಿನ 1500ನೆಯ ಒಂದು ಭಾಗ ಸಾಕು. ಈಚಿನ ಸಾಧಾರಣ ಬೆಲೆಯ ಕ್ಯಾಮೆರಾಗಳೂ ಆ ಮಟ್ಟ ಮುಟ್ಟಿವೆ. ಹಳೆಯ ಅನಿವಾರ್ಯತೆ ಹೋಯಿತು, ಹಳೆಯ ತಾಳ್ಮೆಯೂ ಹೋಯಿತು, ಗೂಡಿನ ಮುಂದೆ ನಿಲ್ಲುವ ಅಭ್ಯಾಸ ಮಾತ್ರ ಉಳಿಯಿತು.

ಆ ಚಿತ್ರದಲ್ಲಿ ಏನನ್ನು ಹುಡುಕಬೇಕು ಎನ್ನುವುದನ್ನು ಹೇಳುತ್ತೇನೆ. ಗೂಡಿನ ಮೇಲೆ ನೇರ ಬಿಸಿಲು ಬಿದ್ದಿದೆಯೇ? ಪೊದೆಯಲ್ಲಿ ಗೂಡು ಕಟ್ಟುವ ಹಕ್ಕಿ ಬಿಸಿಲಿಗೂ ಕಾಗೆಯ ಕಣ್ಣಿಗೂ ಬೀಳದ ಜಾಗ ಹುಡುಕುತ್ತದೆ. ಗೂಡು ಸಂಪೂರ್ಣ ತೆರೆದುಕೊಂಡು, ಹಿನ್ನೆಲೆ ಹಸಿರು ಬಟ್ಟೆ ಹಾಸಿದಂತೆ ನಯವಾಗಿದ್ದರೆ, ಅಡ್ಡವಿದ್ದ ಎಲೆ, ಕೊಂಬೆಗಳನ್ನು ಯಾರೋ ಕತ್ತರಿಸಿರುವ ಸಾಧ್ಯತೆ ಹೆಚ್ಚು. ಗರಿ ಮೂಡದ ಮರಿಗಳಿಗೆ ಮೈಯ ಉಷ್ಣತೆಯನ್ನು ಕಾಯ್ದುಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ನೆರಳು ಹೋದರೆ ಸ್ವಲ್ಪ ಹೊತ್ತಿನಲ್ಲೇ ಅವುಗಳ ಜೀವಕ್ಕೆ ಕುತ್ತು. ಹಕ್ಕಿಯ ಕಣ್ಣಿನಲ್ಲಿ ಎಷ್ಟು ಬೆಳಕಿನ ಚುಕ್ಕೆಗಳಿವೆ ಎಂದು ನೋಡಿ. ಸೂರ್ಯ ಒಬ್ಬನೇ. ಎರಡು ಮೂರು ಚುಕ್ಕೆಗಳಿದ್ದರೆ ಅಷ್ಟು ಫ್ಲಾಶ್‌ಗಳನ್ನು ಮೊದಲೇ ನಿಲ್ಲಿಸಲಾಗಿತ್ತು ಎಂದು ಊಹಿಸಬಹುದು. ಗುಟುಕು ಹೊತ್ತ ಹಕ್ಕಿ ಗೂಡಿಗೆ ಇಳಿಯದೆ ದೂರದ ಕೊಂಬೆಯಲ್ಲಿ ಕೊಕ್ಕಿನ ತುಂಬ ಹುಳು ಹಿಡಿದು ಕುಳಿತಿರುವ ‘ಮನೋಹರ’ ಚಿತ್ರವನ್ನೂ ಅನುಮಾನದಿಂದಲೇ ನೋಡಿ. ಅದು ಕೆಳಗೆ ನಿಂತಿರುವವನು ಯಾವಾಗ ಹೋದಾನು ಎಂದು ಕಾಯುತ್ತಿರಬಹುದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ, ಕಾಡುಹಕ್ಕಿ ಮತ್ತು ಸರೀಸೃಪಗಳ ಮೊಟ್ಟೆ, ಗೂಡುಗಳನ್ನು ಕದಡುವುದೂ ಸೇರಿದೆ. ಕೋವಿ ಬಿಟ್ಟು ಕ್ಯಾಮೆರಾ ಹಿಡಿದೆವು ಎಂದು ವನ್ಯಜೀವಿ ಛಾಯಾಗ್ರಹಣದ ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಕಾನೂನಿನ ಕಣ್ಣಿನಲ್ಲಿ ಕೆಲವರ ಮಟ್ಟಿಗೆ ಕೈಯಲ್ಲಿದ್ದ ಉಪಕರಣ ಬದಲಾಗಿದೆ, ಕೆಲಸ ಬದಲಾಗಿಲ್ಲ.

ಬೆಲ್ಲದ ಬಂಡೆ

ಹಂಪಿಯ ಸಮೀಪದ ದರೋಜಿ ಕರಡಿಧಾಮ 1994ರಲ್ಲಿ ಘೋಷಿತವಾದದ್ದು. ಬಂಡೆಗಳ ಮೇಲೆ ಬೆಲ್ಲ ಬೆರೆಸಿದ ತಿನಿಸನ್ನು ಬಳಿದು, ಇಳಿಹೊತ್ತಿಗೆ ಕರಡಿಗಳನ್ನು ವೀಕ್ಷಣಾ ಗೋಪುರದ ಎದುರಿಗೆ ಬರಮಾಡಿಕೊಳ್ಳುವ ಏರ್ಪಾಡಿನಿಂದ ಅದು ಹೆಸರಾಯಿತು. ಹವ್ಯಾಸಿಗಳ ಸಂಗ್ರಹದಲ್ಲಿರುವ ಕರಡಿ ಚಿತ್ರಗಳಲ್ಲಿ ಎಷ್ಟೋ ಅಲ್ಲಿಯವು. ಆ ಪ್ರಾಣಿಗಳ ರಕ್ಷಣೆಗೆ ಜನಬೆಂಬಲ ಗಳಿಸಿಕೊಡಲು ಈ ಏರ್ಪಾಡು ಸಹಾಯ ಮಾಡಿದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ನನ್ನ ತಕರಾರು ಚಿತ್ರಗಳ ಅಡಿಬರಹದ ಬಗ್ಗೆ. ಬೆಲ್ಲದ ಮಾತೇ ಇಲ್ಲದ ಆ ಚಿತ್ರಗಳನ್ನಷ್ಟೇ ನೋಡಿದ ವಿದ್ಯಾರ್ಥಿ ಏನು ತೀರ್ಮಾನಿಸುತ್ತಾನೆ? ಕರಡಿ ಸಂಜೆಯ ಬಿಸಿಲಿನಲ್ಲಿ ಬೋಳುಬಂಡೆಯ ಮೇಲೆ ನಾಲ್ಕೈದರ ಗುಂಪಾಗಿ ಓಡಾಡುವ ಪ್ರಾಣಿ ಎಂದು. ನಿಜದಲ್ಲಿ ಅದು ಹೆಚ್ಚಾಗಿ ಇರುಳಿನಲ್ಲಿ ತಿರುಗುವ, ಮರಿಗಳೊಂದಿಗಿನ ತಾಯಿಯನ್ನು ಬಿಟ್ಟರೆ ಒಂಟಿಯಾಗಿರುವ, ಗೆದ್ದಲ ಹುತ್ತಗಳನ್ನು ಕೆದಕಿ, ಹಣ್ಣು ಆಯ್ದು ಬದುಕುವ ಪ್ರಾಣಿ. ಸಂಖ್ಯಾಶಾಸ್ತ್ರದ ಪಾಠದಲ್ಲಿ ಪಕ್ಷಪಾತದ ಮಾದರಿ ಎಂದು ನೀವು ಹೇಳಿಕೊಡುವುದಕ್ಕೆ ಇದಕ್ಕಿಂತ ರುಚಿಕಟ್ಟಾದ ಉದಾಹರಣೆ ಬೇಕೆ?

ಕಬಿನಿಯ ಕರಿಚಿರತೆಯದೂ ಇದೇ ಕಥೆ. 2010ರ ದಶಕದ ಕೊನೆಯ ವರ್ಷಗಳಲ್ಲಿ ಅಲ್ಲಿನ ಒಂದೇ ಒಂದು ಕರಿಚಿರತೆಯ ಚಿತ್ರಗಳು ಎಲ್ಲೆಲ್ಲೂ ಹರಡಿದವು. ಕರಿಬಣ್ಣ ಚಿರತೆಗಳಲ್ಲಿ ಅಪ್ರಬಲ ಜೀನಿನಿಂದ ಬರುವಂಥದು, ಅಪರೂಪದ್ದು. ಚಿತ್ರಗಳ ಸಂಖ್ಯೆಯನ್ನು ನೋಡಿದರೆ ಆ ಕಾಡಿನಲ್ಲಿ ಚುಕ್ಕೆಯ ಚಿರತೆಗಳೇ ಅಲ್ಪಸಂಖ್ಯಾತರು ಎನ್ನಬೇಕು.

ಜಿಗಿದ ತೋಳ

ಇನ್ನು ಉಳಿದದ್ದು ನೇರವಾದ ವಂಚನೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಲ್ಲಿ 2009ರ ಮೊದಲ ಬಹುಮಾನ ರಾತ್ರಿಯಲ್ಲಿ ಗೇಟು ಹಾರುವ ಐಬೇರಿಯದ ತೋಳದ ಚಿತ್ರಕ್ಕೆ ಸಂದಿತ್ತು. ಅದು ಪಳಗಿಸಿದ ತೋಳವಾಗಿರುವ ಸಾಧ್ಯತೆಯೇ ಹೆಚ್ಚೆಂದು ತೀರ್ಮಾನಿಸಿ 2010ರ ಜನವರಿಯಲ್ಲಿ ಬಹುಮಾನ ಹಿಂಪಡೆದರು. ಅದೇ ಸ್ಪರ್ಧೆಯಲ್ಲಿ 2017ರಲ್ಲಿ ಗೆದ್ದ ಇನ್ನೊಂದು ಚಿತ್ರ ಬ್ರೆಜಿಲಿನದು. ಮಿನುಗುವ ಗೆದ್ದಲ ಹುತ್ತದ ಬುಡಕ್ಕೆ ಇರುವೆಭಕ್ಷಕವೊಂದು ಬಂದಿದೆ. 2018ರಲ್ಲಿ ಅನುಮಾನ ಎದ್ದು, ಐವರು ತಜ್ಞರು ಅದನ್ನು ಅಲ್ಲಿನ ರಾಷ್ಟ್ರೀಯ ಉದ್ಯಾನದ ಸಂದರ್ಶಕರ ಕೇಂದ್ರದಲ್ಲಿದ್ದ, ಒಳಗೆ ಹುಲ್ಲು ತುಂಬಿಸಿಟ್ಟಂಥ ಪ್ರಾಣಿಯ ಚಿತ್ರದೊಂದಿಗೆ ಹೋಲಿಸಿದರು. ಮೈಯ ಗುರುತುಗಳು, ಕೂದಲಿನ ಕುಚ್ಚುಗಳು ಒಂದಕ್ಕೊಂದು ಹೊಂದಿದವು. ಆ ಬಹುಮಾನವೂ ಹೋಯಿತು. ಎರಡೂ ಪ್ರಕರಣಗಳಲ್ಲಿ ಛಾಯಾಗ್ರಾಹಕರು ಆರೋಪವನ್ನು ಒಪ್ಪಲಿಲ್ಲ. ಇರುವೆಭಕ್ಷಕದ ಪರೀಕ್ಷೆ ನಡೆದ ಕ್ರಮ ಗಮನಿಸುವಂಥದು: ನಾಗರಹೊಳೆಯಲ್ಲಿ ಹುಲಿಯ ಪಟ್ಟೆಗಳನ್ನು ಹೋಲಿಸುವುದೂ ಇದೇ ತರ್ಕದಿಂದಲೇ.

ನಮ್ಮ ಮಳೆಗಾಲದ ಮಲೆನಾಡಿನಲ್ಲಿ ನಡೆಯುವುದು ಇದರ ಚಿಕ್ಕ ರೂಪಗಳು. ಕಪ್ಪೆಯನ್ನು ಹಿಡಿದು ಅಣಬೆಯ ಮೇಲೆ ಕೂರಿಸುವುದು, ಕೀಟವನ್ನು ಫ್ರಿಜ್ಜಿನಲ್ಲಿಟ್ಟು ಮಂಕಾಗಿಸುವುದು, ಮಧ್ಯಾಹ್ನ ಸಿಂಪಡಿಸಿದ ನೀರನ್ನು ಇಬ್ಬನಿ ಎನ್ನುವುದು. ಕಪ್ಪೆಯ ತೇವದ ಚರ್ಮ ಅದರ ಉಸಿರಾಟದ ಅಂಗವೂ ಹೌದು; ನಮ್ಮ ಬೆವರು, ಕೈಗೆ ಸವರಿಕೊಂಡ ಸೊಳ್ಳೆ ನಿವಾರಕ ಎಲ್ಲವೂ ಅದರೊಳಗೆ ಹೋಗುತ್ತವೆ. ಮಲಬಾರ್ ಗುಳಿಮಂಡಲ ಒಂದೇ ಕೊಂಬೆಯಲ್ಲಿ ದಿನಗಟ್ಟಲೆ ಬೇಟೆಗಾಗಿ ಕಾಯುವ ಹಾವು. ಹಿನ್ನೆಲೆ ಸರಿಯಿಲ್ಲವೆಂದು ಅದನ್ನು ಕೋಲಿನಿಂದ ಎತ್ತಿ ಬೇರೆ ಕೊಂಬೆಗೆ ಇಟ್ಟವರಿಗೆ ಚಿತ್ರ ಐದು ನಿಮಿಷದಲ್ಲಿ ಸಿಗುತ್ತದೆ. ಹಾವು ಅಷ್ಟು ದಿನ ಕಾದದ್ದು ವ್ಯರ್ಥವಾಗುತ್ತದೆ.

ಇದಕ್ಕೆ ಎದುರಾಗಿ ಮದರಾಸಿನ ಎಂ. ಕೃಷ್ಣನ್ ಅವರ (1912–1996) ಕಪ್ಪು ಬಿಳುಪು ಚಿತ್ರಗಳನ್ನು ಇಡಬಹುದು. ಇಂದಿನ ಕ್ಲಬ್ಬಿನ ಸ್ಪರ್ಧೆಗೆ ಕಳಿಸಿದರೆ ಅವುಗಳಲ್ಲಿ ಕೆಲವು ಮೊದಲ ಸುತ್ತನ್ನೂ ದಾಟಲಾರವು. ಆದರೆ ಕೃಷ್ಣನ್ ಅವರಿಗೆ ಚಿತ್ರ ಬರಹದ ಜೊತೆಗಾರ. ಪ್ರಾಣಿಯೊಂದಿಗೆ ಅದು ನಿಂತ ನೆಲ, ಮೇಯುತ್ತಿದ್ದ ಗಿಡ, ಜೊತೆಗಿದ್ದ ಉಳಿದವು ಎಲ್ಲ ಅವರಿಗೆ ಬೇಕು. ಹಿನ್ನೆಲೆಯನ್ನು ಮಸುಕಾಗಿಸುವ ಫ್ಯಾಷನ್ ನಮ್ಮ ಚಿತ್ರಗಳಿಂದ ಮೊದಲು ಅಳಿಸಿಹಾಕಿದ್ದು ಪ್ರಾಣಿಯ ಆವಾಸವನ್ನು, ಅಂದರೆ ಅದು ಅಲ್ಲಿ ಯಾಕಿದೆ ಎಂಬುದಕ್ಕೆ ಉತ್ತರವನ್ನು.

ನಿಮ್ಮ ಶಾಲೆಯಲ್ಲೋ ಕಾಲೇಜಿನಲ್ಲೋ ವನ್ಯಜೀವಿ ಸಪ್ತಾಹಕ್ಕೆ ಛಾಯಾಚಿತ್ರ ಪ್ರದರ್ಶನ ಇಡುವುದಿದ್ದರೆ ಪ್ರವೇಶಪತ್ರವನ್ನು ಸ್ವಲ್ಪ ಉದ್ದ ಮಾಡಿ. ದಿನಾಂಕ, ಹೊತ್ತು, ಮಸೂರದ ಸಂಗಮದೂರ, ಅಂದಾಜು ದೂರ, ಚಿತ್ರವನ್ನು ಎಷ್ಟು ಕತ್ತರಿಸಲಾಗಿದೆ, ಆಹಾರ ಇಟ್ಟಿತ್ತೇ, ಧ್ವನಿಮುದ್ರಣ ಹಾಕಿ ಕರೆಯಲಾಗಿತ್ತೇ, ಪ್ರಾಣಿಯನ್ನು ಮುಟ್ಟಲಾಗಿತ್ತೇ, ಇವಿಷ್ಟು ಇರಲಿ. ಸ್ಥಳದ ವಿವರ ಸಂಘಟಕರಲ್ಲಿ ಇರಲಿ. ಅಪರೂಪದ ಪ್ರಾಣಿಯಾದರೆ ಗೋಡೆಯ ಮೇಲೆ ತಾಲ್ಲೂಕಿನ ಹೆಸರು ಬರೆದರೆ ಸಾಕು. ಮೊಬೈಲ್ ಫೋನಿನ ಚಿತ್ರಗಳಲ್ಲಿ ಅಕ್ಷಾಂಶ, ರೇಖಾಂಶಗಳು ಅಡಗಿ ಕುಳಿತಿರುತ್ತವೆ, ಅವನ್ನು ತೆಗೆದು ಹಂಚಿ. ಬಾಣಂತಿ ಕೋಣೆಗೆ ಎಲ್ಲರನ್ನೂ ಬಿಡುವುದಿಲ್ಲವಲ್ಲ, ಹಾಗೆ ಗೂಡಿನ ಚಿತ್ರಗಳನ್ನು ಸ್ಪರ್ಧೆಯಿಂದ ಹೊರಗಿಡಿ. ದೂರದ ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಿ. ಬರೆದ ದೂರಕ್ಕೂ ಲೆಕ್ಕದ ದೂರಕ್ಕೂ ತಾಳೆಯಾಗದಿದ್ದರೆ ಚರ್ಚೆಗೆ ಒಳ್ಳೆಯ ವಿಷಯ ಸಿಕ್ಕಿತು.

ಕೊನೆಯಲ್ಲಿ ಒಂದು ಸಾಲು ಖಾಲಿ ಬಿಡಿ: ಚಿತ್ರ ತೆಗೆದಾದ ಮೇಲೆ ಪ್ರಾಣಿ ಏನು ಮಾಡಿತು? ‘ಮೇಯುತ್ತಲೇ ಇತ್ತು’, ‘ಮೀನು ಹಿಡಿದು ಅದೇ ಕೊಂಬೆಗೆ ಮರಳಿತು’, ‘ನಾವು ಹೊರಟಾಗಲೂ ಅಲ್ಲೇ ಕುಳಿತಿತ್ತು’ ಎಂದು ಬರೆದವರ ಚಿತ್ರಗಳನ್ನು, ಕಣ್ಣು ಕೊಂಚ ಮಸುಕಾಗಿದ್ದರೂ, ಬಾಗಿಲ ಬಳಿ ತೂಗುಹಾಕಿ.